ದಿನ ಬಿಟ್ಟು ದಿನ ಗುಡುಗಿದ ಹೀಟರ್

ಮೊದಲು ಸದ್ದಿನ ವಿಷಯ ಹೇಳಿಬಿಡುತ್ತೇನೆ. ಅದೊಂದರ ಬಗ್ಗೆ ನನಗೆ ಅನುಮಾನವಿಲ್ಲ, ಮಿಕ್ಕಿದ್ದೆಲ್ಲ ನೆನಪು. ಸದ್ದು ಇತ್ತು, ದೊಡ್ಡದಾಗಿಯೇ ಇತ್ತು. ಹೇಗಿತ್ತು ಅಂತ ಕೇಳಿದರೆ ಮಾತ್ರ ಕಷ್ಟ. ಡಾಕ್ಟರಮ್ಮ ಅದನ್ನು ತಗಡಿನ ಡ್ರಮ್ಮಿನಲ್ಲಿ ಜಲ್ಲಿ ಹಾಕಿ ಉರುಳಿಸಿದ ಹಾಗೆ ಅಂದರು. ತರೀಕೆರೆಯಿಂದ ಬಂದ ರಿಪೇರಿ ಭಾಯ್, ಮದುವೆಮನೆಯ ದೊಡ್ಡ ಹಂಡೆ ಕುದಿಯೋಕೆ ಮುಂಚೆ ಗೊಣಗುತ್ತಲ್ಲ, ಹಂಗೆ ಅಂದ. ಪಕ್ಕದ ಮನೆಯಲ್ಲಿದ್ದ, ಕ್ಲಿನಿಕ್ಕಿನ ಜಾಗದ ಮಾಲೀಕರಿಗೆ ಗೂಡ್ಸ್ ರೈಲು ತಮ್ಮ ಕೊಟ್ಟಿಗೆಯೊಳಗೇ ಹೋದಂತೆ ಕೇಳಿಸಿತಂತೆ. ನನಗೆ ಕೇಳಿಸಿದ್ದು ಗುಡುಗು, ಮಳೆ ಬಾರದೆ ಬರೀ ಗುಡುಗಿ ಹೋಗುತ್ತದಲ್ಲ, ಆ ಥರದ್ದು. ಅಕ್ಕ ಮಾತ್ರ, 'ಏನು ಸದ್ದು? ನಂಗೇನೂ ಕೇಳ್ಸಿಲ್ವಲ್ಲ' ಅಂದುಬಿಟ್ಟಳು. ಅವಳ ಕಿವಿ ಚೆನ್ನಾಗಿಯೇ ಇದೆ. ಅದು ಬೇರೆ ಏನನ್ನೋ ಕೇಳುತ್ತಿತ್ತು. ಅದು ಗೊತ್ತಾಗಲು ನಮಗೆ ಬಹಳ ಹೊತ್ತು ಬೇಕಾಯಿತು.

ಕಡೂರಿನಿಂದ ಬೀರೂರಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ಒಂದು ಫಿಸಿಯೋಥೆರಪಿ ಕ್ಲಿನಿಕ್ ಇದೆ. ಅದರ ಹಿಂದುಗಡೆ ಒಂದು ಪುಟ್ಟ ಕೊಳ. ಈಜುವುದಕ್ಕಲ್ಲ, ನಡೆಯುವುದಕ್ಕೆ. ನಮ್ಮ ನಡುಮನೆಯಷ್ಟು ಅಗಲ, ಎದೆಮಟ್ಟದ ನೀರು, ಇಳಿಯಲು ಕಂಬಿ ಹಾಕಿದ ಮೆಟ್ಟಿಲು. ಮಂಡಿ ಸವೆದವರು, ಸೊಂಟ ಮುರಿದವರು, ಒಂದು ಪಕ್ಕ ಬಿದ್ದುಹೋದವರು ಬಂದು ಆ ಬೆಚ್ಚನೆಯ ನೀರಿನಲ್ಲಿ ಅತ್ತಿಂದಿತ್ತ ನಡೆಯುತ್ತಾರೆ. ನೀರು ಮೈಭಾರವನ್ನು ಅರ್ಧ ಹೊತ್ತುಕೊಳ್ಳುತ್ತದೆ, ಕಾಲಿಗೆ ಧೈರ್ಯ ಬರುತ್ತದೆ. ಇದನ್ನು ನಡೆಸುವ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಹಟಮಾರಿ. ಹೆದ್ದಾರಿ ಪಕ್ಕ ಹಳದಿ ಗೂಟಗಳನ್ನು ನೆಟ್ಟು ಪೈಪಿನ ಗ್ಯಾಸು ತಂದ ಮೇಲೆ, ಊರಿನವರು ಅದನ್ನು ಅಡುಗೆಮನೆಗೆ ಎಳೆಸಲೋ ಬೇಡವೋ ಅಂತ ಯೋಚಿಸುತ್ತಿರುವಾಗಲೇ, ಅವರು ಕೊಳದ ಹೀಟರಿಗೆ ಎಳೆಸಿದ್ದರು. ಕೊಳದ ಪಕ್ಕದಲ್ಲಿ ಒಂದು ಕಡೆ ಗೋಡೆಯೇ ಇಲ್ಲದ ತಗಡಿನ ಶೆಡ್ಡು. ಅದರೊಳಗೆ ಮೋಟರು, ಫಿಲ್ಟರು, ಸೊಂಟದೆತ್ತರದ ಹೀಟರು. ಅವನ್ನೆಲ್ಲ ಪೋಣಿಸಿದ ಪೈಪಿನ ಮೇಲೆ, ಮೋಟರಿಗೂ ಹೀಟರಿಗೂ ನಡುವೆ, ಕೆಂಪು ಚಕ್ರದ ಒಂದು ಗೇಟ್‌ವಾಲ್ವ್.

ನಾವಿಬ್ಬರೂ ಇರುವುದು ಅಜ್ಜಂಪುರದಲ್ಲಿ, ಅಕ್ಕ ಮತ್ತು ನಾನು. ಬುಕ್ಕಾಂಬುಧಿ ಕಡೆ ನಮ್ಮದೊಂದು ಹೊಲ, ಅದರ ತುದಿಯಲ್ಲಿ ತೆಂಗು, ಒಂದು ಬೋರು. ಹೊಲ ನಡೆಸಿದವಳು ಅಕ್ಕ, ಅದರ ಬಗ್ಗೆ ಬರೆದವಳು ನಾನು. ಯಾವುದು ಕಷ್ಟ ಅಂತ ಯಾರಾದರೂ ಕೇಳಿದರೆ ಅವಳು ನಗುತ್ತಾಳೆ. ಈರುಳ್ಳಿ ತುಂಬಿದ ಟ್ರೇಲರಿನಿಂದ ಇಳಿಯುವಾಗ ಜಾರಿ ಬಿದ್ದು ಅವಳ ಸೊಂಟದ ಮೂಳೆ ಮುರಿಯಿತು. ಶಿವಮೊಗ್ಗದಲ್ಲಿ ಆಪರೇಷನ್ ಮಾಡಿ ರಾಡು ಹಾಕಿದರು. ಮೂಳೆ ಕೂಡಿತು. ಎಕ್ಸ್‌ರೇ ನೋಡಿದವರೆಲ್ಲ ಕೂಡಿದೆ ಅಂದರು. ಆದರೆ ಅಕ್ಕ ವಾಕರ್ ಬಿಡಲಿಲ್ಲ. ಅಲ್ಯೂಮಿನಿಯಂನ ಆ ನಾಲ್ಕು ಕಾಲುಗಳ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದೇ ಏಳುವುದು, ಹಿಡಿದೇ ನಿಲ್ಲುವುದು. ಒಂದು ಕೈ ಬಿಡು ಅಂದರೆ ಅವಳ ಮುಖ ಬಿಳಿಚಿಕೊಳ್ಳುತ್ತಿತ್ತು. ಕೊಳದ ನೀರಿನಲ್ಲಿ ಮಾತ್ರ ಅವಳು ಎರಡೂ ಕೈ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊಲಕ್ಕೆ ಹೊರಟವಳ ಹಾಗೆ ನಡೆಯುತ್ತಿದ್ದಳು. ಮೆಟ್ಟಿಲು ಹತ್ತಿ ಬಂದಳೋ, ಮತ್ತೆ ವಾಕರ್.

ಅವಳಿಗೆ ಬೇಕಾಗಿದ್ದದ್ದು ಒಂದೇ. ಹೊಲಕ್ಕೆ ಹೋಗಬೇಕು. ರಸ್ತೆಯಿಂದ ಬೋರಿನವರೆಗೆ ಒಂದು ಬದು ಇದೆ, ಒಬ್ಬರು ಕಾಲಿಟ್ಟು ಹೋಗುವಷ್ಟು ಅಗಲದ್ದು. ಅದರ ಮೇಲೆ ವಾಕರ್ ಕೂರುವುದಿಲ್ಲ. ಎರಡು ಕಾಲು ಬದುವಿನ ಮೇಲೆ, ಎರಡು ಕಾಲು ಗಾಳಿಯಲ್ಲಿ. ಒಮ್ಮೆ ಕರೆದುಕೊಂಡು ಹೋಗಿದ್ದೆ. ರಸ್ತೆ ಅಂಚಿನಲ್ಲಿ ವಾಕರ್ ಹಿಡಿದು ನಿಂತು, ದೂರದಿಂದ ಬೋರಿನ ಕಡೆ ನೋಡಿ, 'ನಡಿ, ಹೋಗೋಣ' ಅಂದಳು. ಹೊಲದ ಕಡೆಗಲ್ಲ, ಮನೆ ಕಡೆಗೆ. ಆಮೇಲೆ ಅದರ ಮಾತೇ ಎತ್ತಲಿಲ್ಲ. ಹಾಗಾಗಿಯೇ ದಿನ ಬಿಟ್ಟು ದಿನ ಕಡೂರು. ಬೆಳಗ್ಗೆ ಒಂದು ಓಮ್ನಿಯಲ್ಲಿ ಹೊರಟು, ಬೀರೂರು ದಾಟಿ, ಬಿಸಿನೀರಿಗೆ.

ಇದು ಯಾವ ತಿಂಗಳು ಎಂದು ಹೇಳಲಾರೆ. ಅಕ್ಕನ ಮೈಮೇಲೆ ಸ್ವೆಟರ್ ಇತ್ತು ಅಂತ ನೆನಪು. ಬೀರೂರಿನಲ್ಲಿ ಓಮ್ನಿ ನಿಲ್ಲಿಸಿ ಕಲ್ಲಂಗಡಿ ತಿಂದದ್ದೂ ನೆನಪಿದೆ. ಎರಡೂ ಒಂದೇ ಬೆಳಗ್ಗೆ ಇರಲಾರವು. ಒಂದನ್ನು ನಾನು ಬೇರೆ ಯಾವುದೋ ವರ್ಷದಿಂದ ತಂದು ಇಲ್ಲಿ ಇಟ್ಟಿದ್ದೇನೆ. ಬಹುಶಃ ಕಲ್ಲಂಗಡಿಯನ್ನು. ಚಳಿ ಇದ್ದದ್ದು ನಿಜವಿರಬೇಕು, ಏಕೆಂದರೆ ಅಕ್ಕನ ಕುರ್ಚಿಯನ್ನು ಶೆಡ್ಡಿಗೆ ಹಾಕಿಸಿದ್ದು ಚಳಿಯ ಕಾರಣಕ್ಕೇ. ಮುಂಚೆ ಅವಳು ಕೊಳದ ಅಂಚಿನ ಬೆಂಚಿನ ಮೇಲೆ ತನ್ನ ಸರದಿಗೆ ಕಾಯುತ್ತಿದ್ದಳು. ಗಾಳಿಗೆ ನಡುಗುತ್ತಾಳೆ ಅಂತ ಡಾಕ್ಟರಮ್ಮನೇ, 'ಹೀಟರ್ ಹತ್ರ ಬೆಚ್ಚಗಿರುತ್ತೆ, ಅಲ್ಲೇ ಕೂತ್ಕೊಳ್ಳಿ ಅಮ್ಮಾ' ಅಂತ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಟ್ಟರು. ಅಕ್ಕನನ್ನು ಅಲ್ಲಿ ಕೂರಿಸಿ, ವಾಕರನ್ನು ಕೈಗೆ ಎಟುಕುವಂತಿಟ್ಟು, ನಾನು ರಸ್ತೆ ಬದಿಯ ಅಂಗಡಿಗೆ ಕಾಫಿಗೆ ಹೋಗುತ್ತಿದ್ದೆ.

ಸದ್ದು ಶುರುವಾದದ್ದು ಅದಾದ ಮೇಲೆ. ಆಗ ಇದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಈಗ ಹೀಗೆ ಒಂದರ ಹಿಂದೆ ಒಂದು ಬರೆಯುವಾಗ ಎಲ್ಲ ಎಷ್ಟು ಸಲೀಸು ಅನ್ನಿಸುತ್ತದೆ, ನೋಡಿ. ನೆನಪಿನ ಈ ಸಲೀಸನ್ನೇ ನಾನು ನಂಬದಿರುವುದು.

ಒಂದು ಬೆಳಗ್ಗೆ ಹೀಟರ್ ಗುಡುಗಿತು. ಡಾಕ್ಟರಮ್ಮ ಓಡಿ ಬಂದು ಆರಿಸಿದರು, ಮತ್ತೆ ಹಚ್ಚಿದರು, ಮತ್ತೆ ಗುಡುಗಿತು. ಮಾರನೆಯ ದಿನ ಮೌನ. ಅದರ ಮಾರನೆಯ ದಿನ ಮತ್ತೆ ಗುಡುಗು. ಗ್ಯಾಸಿನ ಯಂತ್ರ, ಒಳಗೆ ಬೆಂಕಿ. ಸಿಡಿದರೆ ಏನು ಗತಿ ಅಂತ ಕೊಳದಲ್ಲಿದ್ದವರೆಲ್ಲ ಕಂಬಿ ಹಿಡಿದು ಮೇಲೆ ಬಂದರು. ಹೀಟರ್ ಆರಿಸಿಯೇ ನಡೆಸೋಣ ಅಂತ ಒಂದು ದಿನ ತಣ್ಣೀರಿನಲ್ಲಿ ಇಳಿದದ್ದಾಯಿತು. ಅಕ್ಕನ ತೊಡೆ ಸೆಟೆದುಕೊಂಡು, ನೀರಿನಲ್ಲೂ ಕೈ ಬಿಡಲಾಗದೆ, ಮೊದಲ ಸಲ ನೀರೊಳಗೂ ಅವಳು ಕಂಬಿ ಹಿಡಿದೇ ನಿಂತಳು. ಬಿಸಿನೀರು ಇಲ್ಲದಿದ್ದರೆ ಕೊಳ ಇಲ್ಲ, ಕೊಳ ಇಲ್ಲದಿದ್ದರೆ ಬದು ಇಲ್ಲ. ಇಬ್ಬರಿಗೂ ಗೊತ್ತಿತ್ತು.

ಜಾಗದ ಮಾಲೀಕರು ಕೆಟ್ಟವರೇನಲ್ಲ. ಅವರ ಎಮ್ಮೆ ಬೆಳಗಿನ ಹೊತ್ತು ಸದ್ದಿಗೆ ಬೆದರಿ ಒದೆಯುತ್ತಿತ್ತು, ಹಾಲು ಕರೆಯಲು ಬಿಡುತ್ತಿರಲಿಲ್ಲ. ಮೊದಲ ಸಲ ಬಂದಾಗ ನಕ್ಕು ಹೇಳಿದರು. ಎರಡನೆಯ ಸಲ ನಗಲಿಲ್ಲ. ಮೂರನೆಯ ಸಲ ಹಾಲಿನ ಬಕೆಟ್ಟನ್ನೇ ತಂದು ತೋರಿಸಿ, ಸೋಮವಾರದೊಳಗೆ ಆ ಪೆಟ್ಟಿಗೆ ತೆಪ್ಪಗಾಗದಿದ್ದರೆ ಗ್ಯಾಸಿನವರಿಗೆ ಹೇಳಿ ಪೈಪು ಬಿಚ್ಚಿಸುತ್ತೇನೆ ಅಂದರು. ಬಕೆಟ್ಟಿನಲ್ಲಿ ನಿಜಕ್ಕೂ ಏನೂ ಇರಲಿಲ್ಲ. ಹೀಟರ್ ಮಾರಿದ ಕಂಪನಿಯವರು ಫೋನಿನಲ್ಲಿ, ಆಫ್ ಮಾಡಿ ಆನ್ ಮಾಡಿ ನೋಡಿ, ನಮ್ಮ ಮೆಕ್ಯಾನಿಕ್ ಬರುತ್ತಾರೆ ಅಂದರು. ಇವತ್ತಿಗೂ ಬಂದಿಲ್ಲ.

ತರೀಕೆರೆಯ ಭಾಯನ್ನು ಕರೆಸಿದ್ದು ಅಕ್ಕ. ಸ್ಟವ್, ಗ್ಯಾಸ್ ಗೀಜರ್, ಕಲ್ಯಾಣಮಂಟಪದ ಒಲೆ, ಉರಿಯುವುದೆಲ್ಲ ಅವನ ಕೆಲಸ. ಮುತ್ತಜ್ಜನ ಕಾಲದಿಂದ ಅವರ ಮನೆಯವರು ಬೆಂಕಿ ಕೆಲಸದಲ್ಲೇ ಇದ್ದಾರಂತೆ, ಮುತ್ತಜ್ಜ ಕುಲುಮೆ ಊದುತ್ತಿದ್ದನಂತೆ. ಹೀಗೆಂದು ಅವನೇ ಹೇಳಿದ, ಕೇಳದೆಯೇ. ಬಾಯಿ ಒಂದು ಕ್ಷಣ ನಿಲ್ಲುವುದಿಲ್ಲ. ಫೋನಿನಲ್ಲಿ ಮನೆಯವರ ಹತ್ತಿರ ದಖ್ಖನಿಯಲ್ಲಿ, ನಮ್ಮ ಹತ್ತಿರ ಕನ್ನಡದಲ್ಲಿ, ಹೀಟರಿನ ಹತ್ತಿರ ಎರಡೂ ಸೇರಿಸಿ ಮಾತಾಡುತ್ತಿದ್ದ. ಅವನು ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು, ಹೀಟರ್ ಬೆಕ್ಕಿನ ಹಾಗೆ ಮಲಗಿತ್ತು. ಹಚ್ಚಿ ನೋಡಿದ. ಸದ್ದಿಲ್ಲ. 'ಅದಕ್ಕೆ ನನ್ನ ಕಂಡ್ರೆ ಹೆದರಿಕೆ' ಅಂದ.

ದಿನ ಬಿಟ್ಟು ದಿನ ಅಂತ ಡಾಕ್ಟರಮ್ಮ ಹೇಳಿದ್ದೇ ಅವನು ತೊಡೆ ತಟ್ಟಿಕೊಂಡ. ಕಡೂರಿನಲ್ಲಿ ಕುಡಿಯುವ ನೀರು ಬರುವುದು ದಿನ ಬಿಟ್ಟು ದಿನ. ನಲ್ಲಿ ಬರದ ದಿನ ಕೊಳಕ್ಕೆ ಬೋರಿನ ನೀರು ಬಿಡುತ್ತಾರೆ. ಬೋರಿನ ನೀರೆಂದರೆ ಉಪ್ಪು. ಹೀಟರಿನ ಹೊಟ್ಟೆಯೊಳಗೆ ತಾಮ್ರದ ಕೊಳವೆಗಳಿವೆ, ಕೆಳಗೆ ಉರಿ, ಒಳಗೆ ಹರಿಯುವ ನೀರು. ಆ ಕೊಳವೆಗಳಿಗೆ ಹಂಡೆಯ ತಳದ ಹಾಗೆ ಉಪ್ಪು ಕಟ್ಟಿದೆ, ಉಪ್ಪಿನ ಕೆಳಗೆ ನೀರು ಸಿಕ್ಕಿಕೊಂಡು ಕುದಿದು ಸಿಡಿಯುತ್ತಿದೆ. ಅದೇ ಸದ್ದು. ಇಷ್ಟು ಹೇಳಿ ಅವನು ನಮ್ಮೆಲ್ಲರ ಮುಖ ನೋಡಿದ. ನಾವು ಒಪ್ಪಿದೆವು. ಯಾರು ತಾನೆ ಒಪ್ಪುವುದಿಲ್ಲ? ನಮ್ಮ ಕಡೆ ಏನು ಕೆಟ್ಟರೂ ಬೋರಿನ ನೀರಿನ ಮೇಲೆ ಹಾಕಿದರೆ ಕೂದಲು ಉದುರುವುದರಿಂದ ಹಿಡಿದು ಎಲ್ಲಕ್ಕೂ ಸರಿಹೋಗುತ್ತದೆ.

ಗ್ಯಾಸು ಕಟ್ಟಿ, ಮುಚ್ಚಳ ಬಿಚ್ಚಿ, ನಿಂಬೆಉಪ್ಪು ಕದಡಿದ ನೀರನ್ನು ಕೊಳವೆಗಳೊಳಗೆ ಸುತ್ತಾಡಿಸಿ, ಅವನು ಸಂಜೆಯವರೆಗೆ ತೊಳೆದ. ಉಪ್ಪು ಬಂತು. ಆದರೆ ಮೊಟ್ಟೆಯ ಒಳಪೊರೆಯಷ್ಟು ತೆಳ್ಳಗೆ. ಇಷ್ಟೇನಾ ಅನ್ನುವ ಹಾಗೆ ಅವನು ಒಂದು ಗಳಿಗೆ ನೋಡಿದ್ದನ್ನು ನಾನು ನೋಡಿದೆ. ಅಥವಾ ಮುಂದೆ ನಡೆದದ್ದು ಗೊತ್ತಿರುವುದರಿಂದ ಈಗ ಅವನ ಮುಖಕ್ಕೆ ಆ ಗಳಿಗೆಯನ್ನು ಅಂಟಿಸುತ್ತಿದ್ದೇನೆಯೋ. ಬರ್ನರಿನ ತೂತುಗಳಲ್ಲಿ ಜೇಡ ಗೂಡು ಕಟ್ಟಿದ್ದರೂ ಸದ್ದು ಬರುತ್ತದೆ ಅಂತ ಅದನ್ನೂ ಬ್ರಷ್ಷಿನಲ್ಲಿ ಉಜ್ಜಿದ. ಎಲ್ಲ ಜೋಡಿಸಿ ಹಚ್ಚಿದರೆ, ಉರಿಯ ಸಣ್ಣ ಉಸಿರು ಬಿಟ್ಟರೆ ಏನೂ ಇಲ್ಲ. ಮಾರನೆಯ ದಿನವೂ ಮೌನ ಅಂತ ಡಾಕ್ಟರಮ್ಮ ಫೋನು ಮಾಡಿದರು. ಅದರ ಮಾರನೆಯ ದಿನ ಅಕ್ಕನೂ ನಾನೂ ಹೋದೆವು. ನಾನು ಕಾಫಿ ಮುಗಿಸಿ ಬರುವಷ್ಟರಲ್ಲಿ ಗುಡುಗು ರಸ್ತೆಯವರೆಗೂ ಕೇಳುತ್ತಿತ್ತು.

ಫೋನಿನಲ್ಲಿ ಭಾಯ್‌ಗೆ ಅವಮಾನವಾದಂತಿತ್ತು. ಯಾರ್ಯಾರು ಬಂದಿದ್ದರು ಇವತ್ತು ಅಂತ ವಿಚಾರಣೆಗೆ ನಿಂತ. ಮೌನವಿದ್ದ ದಿನ ಯಾರು, ಗುಡುಗಿದ ದಿನ ಯಾರು. ಡಾಕ್ಟರಮ್ಮ ಒಬ್ಬೊಬ್ಬರನ್ನೇ ಹೇಳುತ್ತ ಹೋಗಿ ನಡುವೆ ನಿಲ್ಲಿಸಿದರು. ಗುಡುಗಿದ ದಿನಗಳೆಲ್ಲ ಅಕ್ಕನ ದಿನಗಳು. ಫೋನು ಸ್ಪೀಕರಿನಲ್ಲಿತ್ತು.

'ಅಕ್ಕಾ, ಅದಕ್ಕೆ ನಿಮ್ಮ ಕಂಡ್ರೇನೇ ಆಗಲ್ಲ' ಅಂದ ಭಾಯ್.

'ನಿನ್ನ ಕಂಡ್ರೆ ಹೆದರ್ತದೆ, ನನ್ನ ಕಂಡ್ರೆ ಗದರ್ತದೆ. ಹೀಟ್ರಾ ಅದು, ನಮ್ಮೂರ ಗೂಳಿಯಾ?' ಅಂದಳು ಅಕ್ಕ.

ಎಲ್ಲ ನಕ್ಕೆವು. ನಾನೂ ನಕ್ಕೆ. ಆದರೆ ಆ ಮಾತು ನನಗೆ ಚುಚ್ಚಿತು. ನಾವು ಬರದಿದ್ದರೆ ಕೊಳ ಉಳಿಯುತ್ತದೆ, ಬಂದರೆ ಹೋಗುತ್ತದೆ ಅಂದ ಹಾಗಾಯಿತಲ್ಲ.

ಸೋಮವಾರ ಭಾಯ್ ಮೊದಲ ಬಸ್ಸಿಗೇ ಬಂದಿದ್ದ. ಅವತ್ತು ಎಲ್ಲವನ್ನೂ ಅವನೇ ನಡೆಸಿದ. ತಾನೂ ಡಾಕ್ಟರಮ್ಮನೂ ಗೋಡೆಯಾಚೆ ಗ್ಯಾಸ್ ಮೀಟರಿನ ಹತ್ತಿರ ನಿಂತು ಒತ್ತಡ ನೋಡುವುದು. ಅಕ್ಕ ಎಂದಿನಂತೆ ಬಂದು ಎಂದಿನ ಕುರ್ಚಿಯಲ್ಲಿ ಕೂರುವುದು. ನಾನು ಕಾಫಿಗೆ ಹೋಗದೆ ಶೆಡ್ಡಿನ ತೆರೆದ ಕಡೆ ಕಂಬದ ಹಿಂದೆ ನಿಂತು, ಸದ್ದು ಶುರುವಾದ ತಕ್ಷಣ ಕೂಗುವುದು. ಕಂಬದ ಹಿಂದೆ ಯಾಕೆ ಅಂದರೆ, ಬೆಂಕಿ ಅಮ್ಮಾ, ಏನಾದ್ರೂ ಆದ್ರೆ ಅಂದ. ಅಕ್ಕನನ್ನು ಮಾತ್ರ ಪಕ್ಕದಲ್ಲೇ ಕೂರಿಸಿದೆಯಲ್ಲ ಅಂದದ್ದಕ್ಕೆ, ಅಕ್ಕನಿಗೆ ಏನೂ ಆಗಲ್ಲ ಅಂದ. ಅಷ್ಟು ಹೊತ್ತಿಗೆ ಅವನಿಗೆ ಏನೋ ಗುಮಾನಿ ಇತ್ತು ಎಂದು ಈಗ ಅವನು ಹೇಳುತ್ತಾನೆ. ಅವನು ಹೇಳುವುದನ್ನೆಲ್ಲ ನಂಬಬೇಕಿಲ್ಲ.

ನಾನು ಕಂಡದ್ದನ್ನು ಬರೆಯುತ್ತೇನೆ. ನನ್ನ ನೆನಪುಗಳಲ್ಲಿ ನಾನು ಯಾವಾಗಲೂ ಯಾವುದೋ ಕಂಬದ ಹಿಂದೆಯೋ ಬಾಗಿಲ ಸಂದಿಯಲ್ಲೋ ನಿಂತಿರುತ್ತೇನೆ. ಇದೊಂದರಲ್ಲಿ ಮಾತ್ರ ನಿಜವಾಗಿ ನಿಂತಿದ್ದೆ.

ಮೋಟರ್ ಓಡುತ್ತಿತ್ತು. ಹೀಟರ್ ತನ್ನ ಸಣ್ಣ ಉಸಿರಿನಲ್ಲಿ ಉರಿಯುತ್ತಿತ್ತು. ಅಕ್ಕ ಕೂತಿದ್ದಳು, ಪಕ್ಕದಲ್ಲಿ ವಾಕರ್. ಕೊಳದಲ್ಲಿ ಯಾರೋ ಮೆಟ್ಟಿಲು ಹತ್ತಿ ಹೊರಬಂದರು. ನೀರು ಕೊಂಚ ಇಳಿದು, ಮೋಟರ್ ನೀರೆಳೆದುಕೊಳ್ಳುವ ಅಂಚಿನ ಕಿಂಡಿಯಲ್ಲಿ ಗಾಳಿ ಸೇರಿ, ಪೈಪು 'ಗೊಳಕ್' ಅಂದಿತು. ಅಷ್ಟೇ ಸಣ್ಣ ಸದ್ದು. ನಾನು ಗಮನಿಸುತ್ತಲೂ ಇರಲಿಲ್ಲ. ಆದರೆ ಅಕ್ಕನ ತಲೆ ತಿರುಗಿತು. ಅವಳ ಮುಖದಲ್ಲಿ ಸಿಡುಕು ಬಂತು. ಎಷ್ಟೋ ಕಾಲದಿಂದ ಕಾಣದಿದ್ದ, ಹೊಲದ ಸಿಡುಕು. ಮತ್ತೆ 'ಗೊಳಕ್'. ಅವಳು ಎದ್ದಳು. ಕುರ್ಚಿಯ ತೋಳಿಗೆ ಕೈ ಊರಿ ಎದ್ದು, ವಾಕರನ್ನು ದಾರಿಗಡ್ಡ ಬಂದ ಮೇಕೆಯನ್ನು ಸರಿಸಿದ ಹಾಗೆ ಪಕ್ಕಕ್ಕೆ ಸರಿಸಿ, ನಡೆದು ಹೋಗಿ, ಎರಡೂ ಕೈಯಿಂದ ಕೆಂಪು ಚಕ್ರ ಹಿಡಿದು ತಿರುಗಿಸತೊಡಗಿದಳು.

ನಮ್ಮ ಕಡೆ ಬೋರು ಇರುವ ಎಲ್ಲರ ಕೈಯೂ ಇದನ್ನು ಮಾಡುತ್ತದೆ. ನೀರು ಕಡಿಮೆಯಾಗಿ ಮೋಟರ್ ಗಾಳಿ ಎಳೆಯುವಾಗ ಪೈಪು ಹೀಗೆಯೇ ಗುಟುಕರಿಸುತ್ತದೆ. ತಕ್ಷಣ ವಾಲ್ವನ್ನು ಅರ್ಧ ಕಟ್ಟಬೇಕು. ಬರುವಷ್ಟೇ ನೀರು ಎಳೆದುಕೊಂಡು ಮೋಟರ್ ಉಳಿಯುತ್ತದೆ. ಕಟ್ಟದಿದ್ದರೆ ಸುಡುತ್ತದೆ. ಇದನ್ನು ಯಾರೂ ಯೋಚಿಸಿ ಮಾಡುವುದಿಲ್ಲ. ಹಾಲು ಉಕ್ಕಿದರೆ ಒಲೆಯ ಕಡೆ ಕೈ ಹೋಗುವುದಿಲ್ಲವೇ, ಹಾಗೆ. ಆದರೆ ಇದು ಬೋರಲ್ಲ. ಇಲ್ಲಿ ವಾಲ್ವ್ ಅರ್ಧ ಕಟ್ಟಿದರೆ ಹೀಟರಿಗೆ ಹೋಗುವ ನೀರು ಅರ್ಧ, ಉರಿ ಮಾತ್ರ ಪೂರ್ತಿ. ತಾಮ್ರದ ಕೊಳವೆಯೊಳಗೇ ನೀರು ಕುದಿದು, ಗುಳ್ಳೆಗಳು ಒಡೆದು ಗುಡುಗುತ್ತವೆ. ಗೇಟ್‌ವಾಲ್ವಿನ ಚಕ್ರ ನೋಡಿದರೆ ಬಿಟ್ಟಿದೆಯೋ ಕಟ್ಟಿದೆಯೋ ಗೊತ್ತಾಗುವುದೂ ಇಲ್ಲ. ಮಧ್ಯಾಹ್ನ ಫಿಲ್ಟರ್ ತೊಳೆಯುವಾಗ ಡಾಕ್ಟರಮ್ಮ ಅದನ್ನು ನಿಲ್ಲುವವರೆಗೆ ಬಿಡಿಸುತ್ತಿದ್ದರು, ಎಷ್ಟು ತಿರುಗಿತು ಅಂತ ನೋಡದೆ. ಮಾರನೆಯ ದಿನ ಅಕ್ಕ ಇಲ್ಲ, ಸದ್ದಿಲ್ಲ.

ಇದೆಲ್ಲ ಆಮೇಲೆ ಕೂತು ಜೋಡಿಸಿದ್ದು. ಆ ಗಳಿಗೆಯಲ್ಲಿ ಹೀಟರ್ ಗುಡುಗಿತು, ನಾನು ಕೂಗಲಿಲ್ಲ. ಭಾಯ್ ಮತ್ತು ಡಾಕ್ಟರಮ್ಮ ಗೋಡೆ ಸುತ್ತಿ ಓಡಿ ಬಂದರು. ಬಂದವರು ಹೀಟರನ್ನು ನೋಡಲಿಲ್ಲ. ಭಾಯ್‌ನ ಬಾಯಿ, ನಾನು ಕಂಡಂತೆ ಮೊದಲ ಸಲ, ಸುಮ್ಮನಿತ್ತು.

'ಅಮ್ಮಾ,' ಅಂದರು ಡಾಕ್ಟರಮ್ಮ, 'ವಾಕರ್ ಎಲ್ಲಿ?'

ಅಕ್ಕ ತನ್ನ ಕೈಗಳನ್ನು ನೋಡಿಕೊಂಡಳು. ಆಮೇಲೆ ಕಾಲುಗಳನ್ನು. ಮುಖ ಬಿಳಿಚಿಕೊಂಡಿತು. ಭಾಯ್ ಕುರ್ಚಿ ಎಳೆದು ತಂದು ಅವಳ ಹಿಂದೆ ಇಟ್ಟ, ಅವಳು ಕುಸಿದು ಕೂತಳು. ಮೋಟರ್ ಸುಟ್ಟೋಗ್ತಿತ್ತು ಕಣೇ ಅಂತ ನನಗೆ ಹೇಳಿದಳು, ಏನೋ ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ. ದಿನಾ ಹಿಂಗೇ ಕಟ್ತಿದ್ದೆಯಾ ಅಂದೆ. ನೆನಪಿಲ್ಲ ಅಂದಳು. ಅದನ್ನು ನಾನು ಪೂರ್ತಿ ನಂಬುತ್ತೇನೆ.

ಅಷ್ಟರಲ್ಲಿ ಮಾಲೀಕರು ಬಂದರು. ಸೋಮವಾರವಲ್ಲವೇ. ಬಾಗಿಲಿನಿಂದಲೇ ಇದೇ ಕೊನೆ ಅಂತ ಶುರು ಮಾಡಿದವರಿಗೆ ಭಾಯ್ ನಡೆದದ್ದನ್ನು ಹೇಳಿದ. ಅವರು ಕೊಳದ ಕಿಂಡಿಯ ಕಡೆ ಕಿವಿ ಕೊಟ್ಟು ಕೇಳಿದರು. ಮುಖ ಬದಲಾಯಿತು.

'ಗಾಳಿ ಎಳೀತಿತ್ತಲ್ರೀ. ಇವಮ್ಮ ಮಾಡಿದ್ದು ಸರಿಯಾಗೇ ಐತೆ' ಅಂದರು. ಅನ್ನುತ್ತಲೇ ಅವರ ಕೈ, ದೇವರಾಣೆ, ಚಕ್ರದ ಕಡೆ ಹೋಗಿ ಇನ್ನೊಂದು ಸುತ್ತು ಕಟ್ಟಿತು. ಹೀಟರ್ ಇನ್ನೂ ಜೋರಾಗಿ ಗುಡುಗಿತು. ಗೋಡೆಯಾಚೆ ಅವರದೇ ಎಮ್ಮೆ ಕೂಗಿಕೊಂಡಿತು. ಮಾಲೀಕರು ಕೈಯನ್ನು ಬೆಂಕಿ ಮುಟ್ಟಿದವರ ಹಾಗೆ ಹಿಂದಕ್ಕೆ ಎಳೆದುಕೊಂಡರು.

ಭಾಯ್ ವಾಲ್ವ್ ಬಿಡಿಸಲು ಹೋದ. ಡಾಕ್ಟರಮ್ಮ ತಡೆದರು. ಹೀಗೆ ಸ್ವಲ್ಪ ಹೊತ್ತು ಉರಿದರೆ ಅಪಾಯವೇ ಅಂತ ಕೇಳಿದರು. ಇಲ್ಲ, ನೀರು ಪೂರ್ತಿ ನಿಂತರೆ ತಾನೇ ಆರಿಕೊಳ್ಳುತ್ತೆ, ಸ್ವಲ್ಪ ಹೊತ್ತು ಗುಡುಗಿದರೆ ಏನೂ ಆಗಲ್ಲ ಅಂದ ಭಾಯ್. ಡಾಕ್ಟರಮ್ಮ ಹೋಗಿ ವಾಕರನ್ನು ಎತ್ತಿ ಶೆಡ್ಡಿನ ಹೊರಗೆ ಇಟ್ಟರು. ಕುರ್ಚಿಯನ್ನು, ಅಕ್ಕ ಕೂತಿದ್ದಂತೆಯೇ, ಭಾಯ್ ಕೈಯಲ್ಲಿ ಮೊದಲಿದ್ದ ಜಾಗಕ್ಕೆ ಎಳೆಸಿದರು. ತಾವು ಮಾತ್ರ ಅಕ್ಕ ಬಿದ್ದರೆ ಹಿಡಿಯುವಷ್ಟು ಹತ್ತಿರ ನಿಂತರು.

'ಯಾರೂ ಮುಟ್ಬೇಡಿ. ಕಟ್ಟಿದೋರೇ ಬಿಡಿಸ್ಲಿ.'

ಆ ಸದ್ದಿನ ನಡುವೆ ಅಕ್ಕ ಡಾಕ್ಟರಮ್ಮನನ್ನು ಬೈದದ್ದೆಲ್ಲ ನನಗೆ ಕೇಳಿಸಲಿಲ್ಲ. ಕೇಳಿಸಿದ್ದನ್ನು ಬರೆಯುವ ಹಾಗಿಲ್ಲ. ವಾಕರ್ ಕೊಡು ಅಂದಳು, ಕೊಡಲಿಲ್ಲ. ನನ್ನ ಕಡೆ ತಿರುಗಿ, ನೀನಾದ್ರೂ ಕೊಡೇ ಅಂದಳು. ನನ್ನ ಕಾಲು ವಾಕರಿನ ಕಡೆ ಹೊರಟಿತ್ತು. ಭಾಯ್ ಅಡ್ಡ ಕೈ ಹಿಡಿದ. ಆ ಕೈಗೆ ನಾನು ಇವತ್ತಿಗೂ ಋಣಿ. ಮಾಲೀಕರು ಮಾತ್ರ, ಹೆಂಗಾರ ಮಾಡಿ ನಿಲ್ಸಿ ತಾಯಿ, ಎಮ್ಮೆ ಗೂಟ ಕಿತ್ಕೊಂಡು ಹೋಗ್ತದೆ ಅಂತ ಅಕ್ಕನಿಗೇ ಕೈಮುಗಿದರು.

'ಮುಚ್ರೀ ಸಾಕು,' ಅಂದಳು ಅಕ್ಕ ಅವರಿಗೆ. 'ಇನ್ನೊಂದು ಸುತ್ತು ಕಟ್ಟಿದೋರು ಯಾರು?'

ಅಂದವಳೇ ಎದ್ದಳು. ಈಗ ಕೈ ತಾನಾಗಿ ಮಾಡಿದ್ದಲ್ಲ. ಎಲ್ಲ ಗೊತ್ತಿದ್ದು, ಹೆದರಿಕೊಂಡೇ ಎದ್ದಳು. ನಿಂತಳು. ಎರಡೂ ಕೈ ಗಾಳಿಯಲ್ಲಿ, ನೀರಿನಲ್ಲಿ ಹಿಡಿದುಕೊಳ್ಳುವ ಹಾಗೆ ಚಾಚಿಕೊಂಡಿದ್ದವು. ಯಾವ ಕಾಲು ಮುಂದಿಟ್ಟಳು ಅಂತ ಆಮೇಲೆ ನಮ್ಮಲ್ಲಿ ವಾದವಾಗಿದೆ. ಆಪರೇಷನ್ ಆದ ಕಾಲನ್ನೇ ಅಂತ ಡಾಕ್ಟರಮ್ಮ, ಇನ್ನೊಂದನ್ನು ಅಂತ ಭಾಯ್. ನನಗೆ ಕಾಲು ನೆನಪೇ ಇಲ್ಲ. ಅವಳ ತುಟಿ ನೆನಪಿದೆ, ಒಳಕ್ಕೆ ಕಚ್ಚಿಕೊಂಡದ್ದು. ನಡುವೆ ಒಮ್ಮೆ ವಾಲಿದಳು. ಡಾಕ್ಟರಮ್ಮನ ಕೈ ಮುಂದೆ ಬಂತು, ಮುಟ್ಟಲಿಲ್ಲ. ಅಕ್ಕ ತಾನೇ ನೆಟ್ಟಗಾದಳು. ಚಕ್ರ ಸಿಕ್ಕಿತು. ಬಿಡಿಸತೊಡಗಿದಳು.

ಗುಡುಗು ಒಮ್ಮೆಲೇ ನಿಲ್ಲಲಿಲ್ಲ. ಚಕ್ರದ ಒಂದೊಂದು ಸುತ್ತಿಗೂ ಅದು ಒಂದೊಂದು ಮೆಟ್ಟಿಲು ಇಳಿಯಿತು. ಗುಡುಗು ಜಲ್ಲಿಯಾಯಿತು, ಜಲ್ಲಿ ಗೊಣಗಾಟವಾಯಿತು, ಗೊಣಗಾಟ ಉಸಿರಾಯಿತು. ಆಮೇಲೆ ಮೋಟರಿನ ಸಣ್ಣ ಸದ್ದು, ಕೊಳದ ನೀರು ಅಂಚಿಗೆ ಬಡಿಯುವುದು, ದೂರದಲ್ಲಿ ಕಡೂರು ಸ್ಟೇಷನ್ನಿನ ಕಡೆ ಒಂದು ರೈಲು. ರೈಲು ನಾನು ಸೇರಿಸಿದ್ದಿರಬಹುದು. ಅಕ್ಕ ಚಕ್ರದ ಮೇಲಿನ ಕೈ ತೆಗೆದು, ಸೆರಗಿಗೆ ಒರೆಸಿಕೊಂಡು, ನಮ್ಮ ಕಡೆ ತಿರುಗಿ ನಿಂತಳು. ಏನನ್ನೂ ಹಿಡಿಯದೆ.

'ಈಗ ಕರ್ಕೊಳ್ಳಿ ಹೋಗಿ ಹಾಲ' ಅಂದಳು ಮಾಲೀಕರಿಗೆ.

ಮಾಲೀಕರು ಹೋಗಲಿಲ್ಲ. ಕಣ್ಣೊರೆಸಿಕೊಂಡರು ಅಂತ ಭಾಯ್ ಹೇಳುತ್ತಾನೆ, ಬೆವರು ಅಂತ ಅವರು ಹೇಳುತ್ತಾರೆ. ಡಾಕ್ಟರಮ್ಮ ಮಾತ್ರ ಎಲ್ಲರ ಮುಂದೆ ಅತ್ತು, ನಗುತ್ತ, ಅಕ್ಕನ ಬೈಗುಳಗಳಲ್ಲಿ ಒಂದರ ಅರ್ಥ ಕೇಳಿದರು. ಅಕ್ಕ ಹೇಳಲಿಲ್ಲ.

ಭಾಯ್ ಉಳಿದ ಕೆಲಸ ಮುಗಿಸಿದ. ಕೊಳದ ನೀರು ಕಿಂಡಿಗಿಂತ ಮೇಲೆ ನಿಲ್ಲುವಷ್ಟು ತುಂಬಿಸಿ, ಗುಟುಕರಿಸುವುದನ್ನು ನಿಲ್ಲಿಸಿದ. ವಾಲ್ವಿನ ಚಕ್ರ ಬಿಚ್ಚಿ ಒಳಗಿಡುತ್ತೇನೆ, ಯಾರ ಕೈಗೂ ಸಿಗುವುದು ಬೇಡ ಅಂದದ್ದಕ್ಕೆ ಡಾಕ್ಟರಮ್ಮ ಒಪ್ಪಲಿಲ್ಲ. ಅವತ್ತಿನಿಂದ, ನಾವು ಬರುವ ದಿನಗಳಲ್ಲಿ, ಬೆಳಗ್ಗೆ ಹೀಟರ್ ಹಚ್ಚುವ ಮುಂಚೆ ವಾಲ್ವ್ ಪೂರ್ತಿ ಬಿಟ್ಟಿದೆಯೇ ಅಂತ ತಿರುಗಿಸಿ ನೋಡುವ ಕೆಲಸ ಅಕ್ಕನದಾಯಿತು. ವಾಕರ್ ಗೇಟಿನ ಹತ್ತಿರವೇ ಉಳಿಯಬೇಕು. ಅವಳು ಹೋಗುತ್ತಿದ್ದಳು, ಒಮ್ಮೊಮ್ಮೆ ಗೋಡೆ ಹಿಡಿದು, ಒಮ್ಮೊಮ್ಮೆ ನನ್ನನ್ನು ಬೈದು, ಹೆಚ್ಚಾಗಿ ಎರಡೂ ಇಲ್ಲದೆ. ಹೀಟರ್ ಮತ್ತೆ ಗುಡುಗಲಿಲ್ಲ. ಮಾಲೀಕರು ಆಗಾಗ ಒಂದು ಚೊಂಬು ಹಾಲು ಕಳಿಸುತ್ತಿದ್ದರು.

ಇಷ್ಟು ಅಚ್ಚುಕಟ್ಟಾಗಿ ಕೊನೆಯಾಗುವುದನ್ನು ನಾನು ಸಾಮಾನ್ಯವಾಗಿ ಬರೆಯುವುದಿಲ್ಲ. ಬರೆದರೂ ಒಂದು ಕಡೆ ಹರಿದು ಬಿಡುತ್ತೇನೆ. ಇಲ್ಲಿ ಹರಿಯಲು ಜಾಗ ಹುಡುಕಿದೆ. ಅಕ್ಕನ ಕಾಲು ಈಗಲೂ ಒಂದಿಷ್ಟು ಎಳೆಯುತ್ತದೆ, ಅದು ನಿಜ. ಮೆಟ್ಟಿಲಿಗೆ ಈಗಲೂ ಕಂಬಿ ಬೇಕು. ಆದರೂ ಏನು ಮಾಡಲಿ, ಅವಳು ಹೊಲಕ್ಕೆ ಹೋದಳು.

ಮಳೆ ಬಿಟ್ಟು ಕೆಲವು ದಿನವಾದ ಒಂದು ಬೆಳಗ್ಗೆ. ರಸ್ತೆ ಅಂಚಿನಲ್ಲಿ ಓಮ್ನಿ ನಿಂತಿತು. ನಾನು ವಾಕರನ್ನು ಬಿಚ್ಚಿ ಇಟ್ಟೆ. ಅವಳು ಅದನ್ನು ನೋಡಿದಳು, ಬದುವನ್ನು ನೋಡಿದಳು. ಕೆಸರು ಒಣಗಿ ಗಟ್ಟಿಯಾಗಿತ್ತು. ದೂರದಲ್ಲಿ, ಹೊಲ ನೋಡಿಕೊಳ್ಳುವವರು ಹಾಕಿ ಹೋದ ನಮ್ಮ ಬೋರಿನ ಮೋಟರ್ ಓಡುತ್ತಿತ್ತು. ಆಗ ಪೈಪು, ನಾನು ಕೇಳಿದ್ದು ಸತ್ಯ, 'ಗೊಳಕ್' ಅಂದಿತು.

'ನೋಡ್ದೇನೇ ಬಿಟ್ಟವ್ರೆ' ಅಂತ ಗೊಣಗಿಕೊಂಡು ಅಕ್ಕ ಬದುವಿನ ಮೇಲೆ ಹೊರಟಳು. ಎರಡೂ ಕೈ ಚಾಚಿಕೊಂಡು, ನೀರಿನಲ್ಲಿ ನಡೆದವಳ ಹಾಗೆ, ಅವಸರವಿಲ್ಲದೆ. ನಾನು ವಾಕರ್ ಹಿಡಿದು ರಸ್ತೆಯಲ್ಲೇ ನಿಂತೆ. ಅವಳು ಬೋರಿನ ಹತ್ತಿರ ಹೋಗಿ ಬಗ್ಗಿ, ವಾಲ್ವನ್ನು ಅರ್ಧ ಕಟ್ಟಿದಳು. ಅಲ್ಲಿ ಅದು ಸರಿಯಾಗಿಯೇ ಇತ್ತು.